ಮಗನಿಗೆ ಬಂದ ಫೋನು, ಕ್ಯಾಂಟೀನಿನ ಎರಡು ಮೇಜು

ಕಳೆದ ವರ್ಷ ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಗನ ಮೊಬೈಲ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವನು ಸ್ನಾನಕ್ಕೆ ಹೋಗಿದ್ದ, ನಾನೇ ಎತ್ತಿದೆ. ಆ ಕಡೆ ತುಂಬಾ ಮರ್ಯಾದೆಯ ದನಿ. ಮಗನ ಹೆಸರನ್ನು ಒಂದಕ್ಷರ ತಪ್ಪಿಲ್ಲದೆ ಹೇಳಿದರು. ನನಗೆ ಅಲ್ಲೇ ಅನುಮಾನ ಬಂತು, ಯಾಕೆಂದರೆ ಈ ಅಮೆರಿಕದಲ್ಲಿ ಅವನ ಹೆಸರು ಸರಿಯಾಗಿ ಹೇಳುವ ಒಬ್ಬ ಟೀಚರನ್ನೂ ನಾನು ಇನ್ನೂ ನೋಡಿಲ್ಲ. ಮುಂದೇನು ಓದಬೇಕು ಅಂತಿದ್ದಾನೆ, ಕಾಲೇಜು ಫೀಸಿಗೆ ಏನು ಯೋಚನೆ ಮಾಡಿದ್ದೀರಿ, ಆಟ ಏನಾದರೂ ಆಡ್ತಾನಾ, ಎಲ್ಲ ವಿಚಾರಿಸಿದರು. ಕೊನೆಗೆ ಗೊತ್ತಾಯ್ತು, ಸೇನೆಗೆ ಹುಡುಗರನ್ನು ಸೇರಿಸುವ ರಿಕ್ರೂಟರ್. ಮಗನಿಗೆ ಆಗ 16 ತುಂಬಿ ಎರಡು ತಿಂಗಳು.

ನಂಬರ್ ಎಲ್ಲಿ ಸಿಕ್ತು ಅಂತ ಕೇಳಿದೆ. ಸ್ಕೂಲಿನವರೇ ಕೊಟ್ಟಿದ್ದಾರೆ ಮೇಡಂ ಅಂದರು. ಸುಳ್ಳು ಇರಬೇಕು ಅಂದುಕೊಂಡು ಮಾರನೇ ದಿನ ಸ್ಕೂಲ್ ಆಫೀಸಿಗೆ ಫೋನ್ ಮಾಡಿದರೆ, ಹೌದು ಕೊಟ್ಟಿದ್ದೇವೆ, ಕಾನೂನೇ ಹಾಗಿದೆ ಅಂತ ಉತ್ತರ.

ಕಾನೂನು ನಿಜವಾಗಿಯೂ ಹಾಗೇ ಇದೆ. ಬುಷ್ ಕಾಲದಲ್ಲಿ, 2002ರ ಜನವರಿಯಲ್ಲಿ ಸಹಿ ಆದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಅನ್ನೋ ಶಿಕ್ಷಣ ಕಾಯ್ದೆಯಲ್ಲಿ ಒಂದು ಸಣ್ಣ ಕಲಮು ಸೇರಿಸಿದರು. ಕೇಂದ್ರ ಸರ್ಕಾರದ ದುಡ್ಡು ತಗೊಳ್ಳುವ ಹೈಸ್ಕೂಲುಗಳು, ಸೇನೆಯವರು ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಕಾಲೇಜಿನವರನ್ನು, ಕಂಪನಿಯವರನ್ನು ಸ್ಕೂಲಿನೊಳಗೆ ಬಿಡುವ ಹಾಗೇ ರಿಕ್ರೂಟರನ್ನೂ ಬಿಡಬೇಕು. 2015ರಲ್ಲಿ ಆ ಕಾಯ್ದೆ ಹೋಗಿ ಬೇರೆಯದು ಬಂತು, ಈ ಕಲಮು ಮಾತ್ರ ಹೊಸದರಲ್ಲೂ ಕೂತಿದೆ. ಬೇಡ ಅನ್ನುವ ಹಕ್ಕು ತಂದೆತಾಯಿಗೆ ಇದೆ, ಅದಕ್ಕೆ ಬರೆದು ಕೊಡಬೇಕು. ಇದನ್ನು ನಮಗೆ ತಿಳಿಸುವುದು ಸ್ಕೂಲಿನ ಕೆಲಸ. ನಮ್ಮ ಸ್ಕೂಲಿನವರು ತಿಳಿಸಿದ್ದರು ಕೂಡ. ಎಲ್ಲಿ ಅಂದರೆ, ವರ್ಷದ ಶುರುವಿನಲ್ಲಿ ಕಳಿಸುವ ಹ್ಯಾಂಡ್‌ಬುಕ್ಕಿನ 38ನೇ ಪುಟದಲ್ಲಿ, ಲಾಕರ್ ಬೀಗದ ನಿಯಮದ ಕೆಳಗೆ, ಎರಡು ಸಾಲು. ಆ ಹ್ಯಾಂಡ್‌ಬುಕ್ಕನ್ನು ಪೂರ್ತಿ ಓದಿದ್ದೇನೆ ಅಂತ ನಾನೇ ಸಹಿ ಹಾಕಿದ್ದೆ. ಯಾರು ಓದ್ತಾರೆ ಹೇಳಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನನಗೆ ಸೈನಿಕರ ಮೇಲೆ ಸಿಟ್ಟಿಲ್ಲ. ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷ ಸೇನೆಯಲ್ಲಿದ್ದವರು, ಅವರ ಟ್ರಂಕಿನ ವಾಸನೆ ಈಗಲೂ ನೆನಪಿದೆ. ಫೋನ್ ಮಾಡಿದ ಆ ರಿಕ್ರೂಟರ್ ಕೂಡ ಕೆಟ್ಟವನೇನಲ್ಲ, ತಿಂಗಳಿಗೆ ಇಷ್ಟು ಜನ ಅಂತ ಅವನ ತಲೆ ಮೇಲೆ ಲೆಕ್ಕ ಇರುತ್ತದೆ. 1973ರಲ್ಲಿ ಕಡ್ಡಾಯ ಸೇವೆ ನಿಂತ ಮೇಲೆ ಇಲ್ಲಿನ ಸೇನೆಗೆ ಪ್ರತಿ ವರ್ಷ ತಾವಾಗಿ ಬರುವವರನ್ನು ಹುಡುಕಲೇಬೇಕು, ಸಿಗದೇ ಹೋದರೆ ಒತ್ತಡ ಜಾಸ್ತಿ. 2022ರಲ್ಲಿ ಆರ್ಮಿಯೊಂದಕ್ಕೇ 60,000 ಜನ ಬೇಕಿತ್ತು, ಸುಮಾರು 15,000 ಕಡಿಮೆ ಬಿತ್ತು. ಅಂಥ ಹೊತ್ತಲ್ಲಿ ಹದಿನಾರರ ಹುಡುಗನ ಹೆಸರನ್ನು ಸರಿಯಾಗಿ ಕಲಿತು ಫೋನ್ ಮಾಡೋದು ಅವನ ಕೆಲಸ. ನನ್ನ ತಕರಾರು ಇಷ್ಟೇ, ಆ ವಯಸ್ಸಿನ ಹುಡುಗನನ್ನು ಕೂರಿಸಿಕೊಂಡು 'ನಿನಗೇನು ಬೇಕಪ್ಪಾ' ಅಂತ ಕೇಳುವ ದೊಡ್ಡವರು ಅವನೊಬ್ಬನೇ ಆಗಿಬಿಟ್ಟಿದ್ದಾನೆ.

ಒಬ್ಬನೇ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಸ್ಕೂಲಿನ ಕ್ಯಾಂಟೀನಿನಲ್ಲಿ ಗುರುವಾರ ಮಧ್ಯಾಹ್ನ ನಾವು ಕೆಲವು ತಾಯಂದಿರು ಸಹಾಯಕ್ಕೆ ಹೋಗ್ತೀವಿ. ಬಾಗಿಲ ಹತ್ತಿರ ರಿಕ್ರೂಟರುಗಳ ಮೇಜು. ಪಕ್ಕದಲ್ಲಿ ಒಂದು ಕಬ್ಬಿಣದ ಬಾರ್, ಅದಕ್ಕೆ ಜೋತುಬಿದ್ದು ಇಷ್ಟು ಸಲ ಮೇಲೆದ್ದರೆ ಟೀ ಶರ್ಟು, ಇಲ್ಲದಿದ್ದರೆ ನೀರಿನ ಬಾಟಲಿ, ಕೀ ಚೈನು. ಹುಡುಗರ ದಂಡೇ ಇರುತ್ತದೆ ಅಲ್ಲಿ. ಒಂದು ಗುರುವಾರ ಎದುರು ಗೋಡೆಗೆ ಇನ್ನೊಂದು ಮಡಚುವ ಮೇಜು ಹಾಕಿದ್ದರು. ಒಬ್ಬರು ಅಜ್ಜ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಜೊತೆಗೆ ನಿವೃತ್ತಿಯಾದ ಒಬ್ಬ ಟೀಚರಮ್ಮ. ಮೇಜಿನ ಮೇಲೆ ಐದು ಉಪ್ಪಿನಕಾಯಿ ಬಾಟಲಿ, ಒಂದೊಂದಕ್ಕೂ ಚೀಟಿ: ಶಿಕ್ಷಣ, ಆರೋಗ್ಯ, ಸೇನೆ, ಮನೆ, ಪರಿಸರ. ಬಂದವರ ಕೈಗೆ ಹತ್ತು ಪೆನ್ನಿ ನಾಣ್ಯ ಕೊಟ್ಟು, ಇದು ನಿನ್ನ ತೆರಿಗೆ, ನಿನಗೆ ಬೇಕಾದ ಹಾಗೆ ಹಾಕು ಅಂತಾರೆ. ಒಬ್ಬಳು ಹುಡುಗಿ ಆರೋಗ್ಯಕ್ಕೆ ನಾಲ್ಕು ಹಾಕಿ, ಸೇನೆಯ ಬಾಟಲಿಯ ಮೇಲೆ ಒಂದು ಪೆನ್ನಿ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದಳು. ಅವಳ ಅಣ್ಣ ನೇವಿಯಲ್ಲಿದ್ದಾನಂತೆ. ಕೊನೆಗೆ ಎರಡು ಹಾಕಿದಳು. ಅಜ್ಜ ಏನೂ ಅನ್ನಲಿಲ್ಲ. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ವರ್ಷ ವರ್ಷ ಮಂಜೂರು ಮಾಡುವ ಹಣದಲ್ಲಿ ಹತ್ತಕ್ಕೆ ಹೆಚ್ಚುಕಮ್ಮಿ ಐದು ಅದಕ್ಕೇ ಹೋಗುತ್ತದೆ ಅಂತ ಮಾತ್ರ ಹೇಳಿದರು.

ಇವರು ಶಾಂತಿ ಚಳವಳಿಯವರು. ನಾನು ಶಾಂತಿ ಚಳವಳಿ ಅಂದರೆ ಮೆರವಣಿಗೆ, ಬ್ಯಾನರು, ಮೇಣದಬತ್ತಿ ಅಂದುಕೊಂಡಿದ್ದವಳು. ಇವರ ಹತ್ತಿರ ಇದ್ದಿದ್ದು ಒಂದು ಫೈಲು. ಸೇನೆಗೆ ಸೇರುವಾಗ ಸಹಿ ಹಾಕುವ ಒಪ್ಪಂದದ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಎರಡು ಕಡೆ ಹಳದಿ ಬಣ್ಣ ಬಳಿದು ಇಟ್ಟುಕೊಂಡಿದ್ದರು. ಒಂದು ಕಡೆ, ಒಟ್ಟು ಬಾಧ್ಯತೆ 8 ವರ್ಷ ಅಂತಿದೆ. ರಿಕ್ರೂಟರ್ ಹೇಳುವ ನಾಲ್ಕು ವರ್ಷ ಸುಳ್ಳಲ್ಲ, ಅದು ಡ್ಯೂಟಿಯ ಲೆಕ್ಕ. ಉಳಿದಿದ್ದು ರಿಸರ್ವ್. ಮನೆಗೆ ಬಂದು, ಕೆಲಸಕ್ಕೆ ಸೇರಿ, ಮದುವೆಯಾದ ಮೇಲೂ ಕರೆಯಬಹುದು. ಇರಾಕ್ ಯುದ್ಧದ ಹೊತ್ತಿನಲ್ಲಿ ಸಾವಿರಾರು ಜನರನ್ನು ಹೀಗೆ ವಾಪಸ್ ಕರೆಸಿದ್ದರು. ಇನ್ನೊಂದು ಕಡೆ, ಕಾಯ್ದೆ ಕಾನೂನು ಹೇಳದೇ ಕೇಳದೇ ಬದಲಾಗಬಹುದು, ಈ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಂಬಳ, ಸವಲತ್ತು, ಜವಾಬ್ದಾರಿ ಎಲ್ಲಕ್ಕೂ ಅದು ತಟ್ಟಬಹುದು ಅಂತಿದೆ. ಅಂದರೆ ಹುಡುಗನ ಕಡೆಯಿಂದ ಕಲ್ಲಿನ ಮೇಲೆ ಬರೆದ ಹಾಗೆ, ಅವರ ಕಡೆಯಿಂದ ನೀರಿನ ಮೇಲೆ. ಮನೆ ಬಾಡಿಗೆ ಕರಾರಿನಲ್ಲಿ ಇಂಥ ಸಾಲು ಇದ್ದರೆ ನಾವು ಸಹಿ ಹಾಕ್ತೀವಾ?

ಇವರಿಗೆ ಸ್ಕೂಲಿನೊಳಗೆ ಬರೋಕೆ ಯಾರು ಬಿಟ್ಟರು ಅಂತ ಕೇಳಿದೆ. ಮೊದಲ ವರ್ಷ ಬಿಟ್ಟಿರಲೇ ಇಲ್ಲವಂತೆ, ರಾಜಕೀಯ ಬೇಡ ಅಂದಿದ್ದರಂತೆ. ಆಗ ಅಜ್ಜ ಎರಡು ಹಳೇ ತೀರ್ಪು ತೆಗೆದರು. 1986ರಲ್ಲಿ ಸ್ಯಾನ್ ಡಿಯೆಗೊ ಕಡೆಯ ಕೇಸು, ಸ್ಕೂಲಿನ ಪತ್ರಿಕೆಯಲ್ಲಿ ಸೇನೆಯ ಜಾಹೀರಾತು ಹಾಕಿದ ಮೇಲೆ ಅದಕ್ಕೆ ಎದುರು ಮಾತಾಡುವವರಿಗೂ ಜಾಗ ಕೊಡಬೇಕು ಅಂತ. 1989ರಲ್ಲಿ ಅಟ್ಲಾಂಟಾದ ಶಾಂತಿ ಗುಂಪಿನವರ ಕೇಸೂ ಅದೇ ದಾರಿ ಹಿಡಿಯಿತು. ಅದೇ ಸ್ಯಾನ್ ಡಿಯೆಗೊದಲ್ಲಿ 2009ರಲ್ಲಿ ಸ್ಕೂಲ್ ಹುಡುಗರು ಹುಡುಗಿಯರೇ ಓಡಾಡಿ, ಶಾಲೆಯೊಳಗಿನ ರೈಫಲ್ ಅಭ್ಯಾಸ ನಿಲ್ಲಿಸಿದರು. ಸ್ಕೂಲ್ ಬೋರ್ಡಿನ ಮೀಟಿಂಗಿಗೆ ಮತ್ತೆ ಮತ್ತೆ ಹೋಗಿ, ಸಾಲಲ್ಲಿ ನಿಂತು, ಮೈಕಿನ ಮುಂದೆ ಮಾತಾಡಿ ಗೆದ್ದಿದ್ದು. ಈ ಕೆಲಸದಲ್ಲಿ ಭಾಷಣಕ್ಕಿಂತ ಜೆರಾಕ್ಸ್ ಖರ್ಚೇ ಜಾಸ್ತಿ ಅಂತ ಟೀಚರಮ್ಮ ನಕ್ಕರು.

ಮೇಜು ಎತ್ತುವ ಹೊತ್ತಿಗೆ ಒಬ್ಬ ಹುಡುಗ ಬಂದ. ಎಲ್ಲ ಕೇಳಿಸಿಕೊಂಡು, 'ಸರಿ, ಹಾಗಾದ್ರೆ ನನ್ನ ಕಾಲೇಜು ಫೀಸು ನೀವು ಕಟ್ತೀರಾ?' ಅಂದ. ಕುಹಕ ಏನೂ ಇರಲಿಲ್ಲ, ನಿಜವಾಗಿ ಕೇಳಿದ್ದು. ಮೂರು ವರ್ಷ ಡ್ಯೂಟಿ ಮಾಡಿದರೆ ಸರ್ಕಾರಿ ಯೂನಿವರ್ಸಿಟಿಯ ಫೀಸು ಪೂರ್ತಿ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟೋಕೆ ನನ್ನ ಹತ್ತಿರ ಇಲ್ಲ ಮಗಾ ಅಂದರು. ಆಮೇಲೆ ಒಂದು ಹಾಳೆ ಕೊಟ್ಟರು, ಎಲೆಕ್ಟ್ರಿಷಿಯನ್, ಪ್ಲಂಬಿಂಗ್ ಅಪ್ರೆಂಟಿಸ್ ಕೆಲಸಗಳು, ಫೀಸಿನ ಸಹಾಯಕ್ಕೆ ಎಲ್ಲೆಲ್ಲಿ ಅರ್ಜಿ ಹಾಕಬಹುದು ಅಂತ. ಹುಡುಗ ಮಡಚಿ ಜೇಬಿಗಿಟ್ಟುಕೊಂಡ. ಅಲ್ಲಿಂದ ನೇರ ಬಾರ್ ಹತ್ತಿರ ಹೋದ. ಅವನಿಗೆ ಉತ್ತರ ಸಿಕ್ಕಿತು ಅಂತ ನಾನು ಹೇಳಲಾರೆ. ರಿಕ್ರೂಟರುಗಳು ವಾರಕ್ಕೊಮ್ಮೆ ಬರ್ತಾರೆ, ಈ ಮೇಜು ಬರೋದು ವರ್ಷಕ್ಕೆ ಎರಡು ಸಲ.

ಮಗನ ಸ್ನೇಹಿತನ ಕಥೆ ಹೇಳದಿದ್ದರೆ ಪೂರ್ತಿ ಆಗಲ್ಲ. 17ಕ್ಕೇ ಸಹಿ ಹಾಕಿದ್ದ. 18 ತುಂಬದವರನ್ನು ನೇರ ಯುದ್ಧಕ್ಕೆ ಇಳಿಸಬಾರದು ಅನ್ನೋ ವಿಶ್ವಸಂಸ್ಥೆಯ 2000ದ ಒಪ್ಪಂದಕ್ಕೆ ಅಮೆರಿಕವೂ ಸೇರಿದೆ, ಆದರೆ ಅಪ್ಪ ಅಮ್ಮ ಒಪ್ಪಿದರೆ ಸೇನೆಗೆ ಸೇರೋಕೆ 17 ಸಾಕು. ಸ್ಕೂಲ್ ಮುಗಿದ ಮೇಲೆ ತರಬೇತಿಗೆ ಹೊರಡುವುದು, ಅಲ್ಲಿವರೆಗೆ ಕಾಯುವುದು, ಇದಕ್ಕೆ ಡಿಲೇಡ್ ಎಂಟ್ರಿ ಅಂತಾರೆ. ಫೆಬ್ರವರಿಯಲ್ಲಿ ಅವನಿಗೆ ಮನಸ್ಸು ಬದಲಾಯ್ತು. ಬಿಡ್ತೀನಿ ಅಂದಿದ್ದಕ್ಕೆ ರಿಕ್ರೂಟರ್ ಜೈಲು ಗೀಲು ಅಂತ ಹೆದರಿಸಿದನಂತೆ. ಹುಡುಗ ನಮ್ಮ ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತು, 'ಆಂಟಿ, ಅಪ್ಪನಿಗೆ ಹೇಳಬೇಡಿ' ಅಂತ ಅತ್ತ. ಅಜ್ಜ ಕೊಟ್ಟಿದ್ದ ಚೀಟಿಯಲ್ಲಿ, ಸೈನಿಕರ ಹಕ್ಕಿನ ಬಗ್ಗೆ ಸಲಹೆ ಕೊಡುವ ಜಿಐ ರೈಟ್ಸ್ ಹಾಟ್‌ಲೈನ್ ನಂಬರ್ ಇತ್ತು, ಅಲ್ಲಿಗೆ ಫೋನ್ ಮಾಡಿಸಿದೆ. ತರಬೇತಿಗೆ ಹೊರಡುವ ದಿನಕ್ಕೆ ಮುಂಚೆ ಯಾವಾಗ ಬೇಕಾದರೂ ಬಿಡಬಹುದು, ಒಂದು ಪತ್ರ ಸಾಕು ಅಂದರು. ನಾಲ್ಕು ಸಾಲು ಬರೆದ. ಅಷ್ಟೇ, ಮುಗೀತು. ಆ ರಾತ್ರಿ ನಾನು ಮಗನನ್ನು ಕೇಳಿದೆ, ನಿನಗೆ ಯಾರಾದರೂ ಹೀಗೆ ಹೆದರಿಸಿದ್ರೆ ನನಗೆ ಹೇಳ್ತೀಯಾ ತಾನೇ? 'ನೋಡೋಣ ಅಮ್ಮ' ಅಂದ, ಫೋನಿನಿಂದ ತಲೆ ಎತ್ತದೆ.

ಇಲ್ಲಿ ಹೈಸ್ಕೂಲ್ ಮಕ್ಕಳಿರುವ ಕನ್ನಡದವರಿಗೆ ಇನ್ನೆರಡು ವಿಷಯ. 'ಉಚಿತ ಕರಿಯರ್ ಟೆಸ್ಟ್' ಅಂತ ಆಸ್ವ್ಯಾಬ್ ಪರೀಕ್ಷೆ ಇಟ್ಟರೆ ಅದು ಸೇನೆಯದೇ ಪರೀಕ್ಷೆ. ಮಾರ್ಕ್ಸ್ ರಿಕ್ರೂಟರ್‌ಗೆ ಹೋಗದ ಹಾಗೆ ಮಾಡೋಕೆ ಸ್ಕೂಲಿನವರು 'ಆಪ್ಷನ್ 8' ಆರಿಸಬೇಕು. ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಅದನ್ನು ಎಲ್ಲ ಸರ್ಕಾರಿ ಸ್ಕೂಲಿಗೂ ಕಡ್ಡಾಯ ಮಾಡಿತು, ನಿಮ್ಮ ಕಡೆ ಏನು ಅಂತ ಪ್ರಿನ್ಸಿಪಾಲರನ್ನು ಕೇಳಿ. ಇನ್ನೊಂದು, ನಂಬರ್ ಕೊಡಬೇಡಿ ಅಂತ ಬರೆದು ಕೊಡುವ ಆ ಆಪ್ಟ್ ಔಟ್ ಫಾರ್ಮು. ಸ್ಕೂಲ್ ಶುರುವಾದ ಮೊದಲ ವಾರವೇ ಕೊಡಿ, ಪಟ್ಟಿ ಕಳಿಸಿದ ಮೇಲೆ ಕೊಟ್ಟರೆ ಆಗಲೇ ಹೋದ ನಂಬರ್ ವಾಪಸ್ ಬರಲ್ಲ. ಕೊಟ್ಟಿದ್ದಕ್ಕೆ ತಾರೀಕು ಹಾಕಿದ ಒಂದು ಪ್ರತಿ ಕೇಳಿ ಇಸ್ಕೊಳ್ಳಿ. ಆ ಮೊದಲ ಫೋನ್ ಆದ ಮೇಲೆ ಫಾರ್ಮ್ ಕೊಟ್ಟಾಗ ನಾನು ಕೇಳಿರಲಿಲ್ಲ. ನವೆಂಬರ್‌ನಲ್ಲಿ ಮತ್ತೆ ಫೋನ್ ಬಂದಾಗ ಆಫೀಸಿಗೆ ಹೋದರೆ, ಅಂಥ ಫಾರ್ಮೇ ಬಂದಿಲ್ಲ ಅಂದರು. ಅಲ್ಲೇ ಕೌಂಟರ್ ಹತ್ತಿರ ನಿಂತು ಇನ್ನೊಂದು ಸಲ ತುಂಬಿದೆ, ಪೆನ್ನು ಅವರದೇ.