ಸಾರಿ ಮೇಡಂ, ಬಾಯಿ ತಪ್ಪಿ ಬಂತು

ಜುಲೈ 19, 2025, ಶನಿವಾರ
ಧಾರವಾಡ

ಮುಂಜಾನೆಯಿಂದ ಜಿಟಿಜಿಟಿ ಮಳೆ. ಪಕ್ಕದ ಮನೆಗೆ ಬೆಂಗಳೂರಿನಿಂದ ಬೀಗರು ಬಂದಿದ್ದಾರೆ, ಚಹಾಕ್ಕೆ ಕರೆದರು ಅಂತ ಹೋದೆ. ಕೂತು ಐದು ನಿಮಿಷ ಆಗಿರಲಿಲ್ಲ. ಬಂದವರಲ್ಲಿ ಹಿರಿಯರೊಬ್ಬರು "ನಿಮ್ಮ ಭಾಷೆ ಕೇಳೋಕೆ ಎಷ್ಟು ಚೆಂದ ಕಣ್ರೀ! ಗಂಡು ಭಾಷೆ. ಮಾತು ಒರಟು, ಮನಸ್ಸು ಬೆಣ್ಣೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ನಕ್ಕು, ಚಹಾ ಕುಡಿದು ಬಂದೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು.

ಒರಟು ಅಂದರೆ ಯಾವುದಪ್ಪಾ? ಕಾಯಿಪಲ್ಯೆ ಮಾರುವವಳಿಗೆ "ಒಂದ ಸಿವುಡು ಕೊಡ್ರಿ" ಅನ್ನುತ್ತೇವೆ. ಆಟೋದವನಿಗೆ "ಸ್ಟೇಶನ್ನಿಗೆ ಬರ್ತೀರೇನ್ರಿ" ಅನ್ನುತ್ತೇವೆ. ರಾಂಗ್ ನಂಬರ್ ಬಂದರೂ "ಇಲ್ರಿ, ಅವ್ರು ಇಲ್ಲಿ ಇಲ್ರಿ, ಇಡ್ರಿ" ಅಂತ ಮೂರು ಸಲ ರೀ ಹಚ್ಚಿಯೇ ಫೋನ್ ಇಡುವುದು. ಇಷ್ಟು ಮರ್ಯಾದೆಯ ಮಾತಿಗೆ ಒರಟು ಅನ್ನುವ ಹೆಸರು ಹೇಗೆ ಬಂತೋ! ದನಿ ಒಂದು ಕೈ ಜೋರು, ಒಪ್ಪಿದೆ. ಜೋರು ಬೇರೆ, ಒರಟು ಬೇರೆ ಅಲ್ವಾ?

ಪರ ಊರಿನವರನ್ನಷ್ಟೇ ಬೈದು ಉಪಯೋಗವಿಲ್ಲ. ಸಿನಿಮಾದಲ್ಲಿ ನಮ್ಮ ಮಾತು ಆಡುವವನು ಹೆಚ್ಚಾಗಿ ನಗಿಸುವವನು, ಇಲ್ಲವೇ ಹೊಡೆಯುವವನು. ಅದನ್ನು ನೋಡಿ ಸಿಳ್ಳೆ ಹೊಡೆಯುವವರು ನಾವೇ. "ಗಂಡು ಮೆಟ್ಟಿದ ನಾಡು" ಅಂತ ಎದೆ ಉಬ್ಬಿಸುವವರೂ ನಾವೇ. ಈಗ ರೀಲ್ಸ್ ಮಾಡುವ ಹುಡುಗರನ್ನು ನೋಡಿ. ಮನೆಯಲ್ಲಿ ಅವ್ವನ ಎದುರು ಬಾಯಿ ಬಿಡದವರು ಮೊಬೈಲ್ ಎದುರು ಸಾಲಿಗೊಂದು ಬೈಗುಳ ಹಾಕುತ್ತಾರೆ. ಕೆಳಗೆ "ಪಕ್ಕಾ ಉತ್ತರ ಕರ್ನಾಟಕ" ಅಂತ ಮೆಚ್ಚುಗೆ. ನಮ್ಮವ್ವ ಈ ಭಾಷೆಯಲ್ಲೇ ಹುಟ್ಟಿ ಇದರಲ್ಲೇ ಸತ್ತಳು. ಒಂದು ದಿನವೂ ಹೀಗೆ ಮಾತಾಡಿದ್ದಿಲ್ಲ. ಅವಳದು ಪಕ್ಕಾ ಅಲ್ಲವೇನು?

ಅಕ್ಕನ ಮಗನ ಕಥೆ ಇನ್ನೊಂದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರಿ. ರೈಲಿನಲ್ಲಿ ಹುಬ್ಬಳ್ಳಿಗೆ ಬರುವಾಗ ದಾರಿಯುದ್ದಕ್ಕೂ ಅಕ್ಕನಿಗೆ ಫೋನ್ ಮಾಡುತ್ತಾನೆ. ದಾವಣಗೆರೆಯಲ್ಲಿ ಮಾಡಿದರೆ "ಅಮ್ಮಾ, ಬರ್ತಾ ಇದ್ದೀನಿ, ಇನ್ನೂ ಲೇಟಾಗುತ್ತೆ." ರಾಣೆಬೆನ್ನೂರು ದಾಟಿದ ಮೇಲೆ ಮಾಡಿದರೆ "ಯವ್ವಾ, ರಾಣಿಬೆನ್ನೂರ ಬಿಟ್ಟೈತಬೇ, ರೊಟ್ಟಿ ಮಾಡಿ ಇಟ್ಟಿರು." ಅದೇ ಬೋಗಿ, ಅದೇ ಸೀಟು. ನಡುವೆ ಇರುವುದು ಹರಿಹರದ ತುಂಗಭದ್ರಾ ಸೇತುವೆ ಅಷ್ಟೇ. 1956ರ ತನಕ ಆ ದಂಡೆ ಮೈಸೂರು ರಾಜ್ಯ, ಈ ದಂಡೆ ಮುಂಬೈ ರಾಜ್ಯ. ಏಕೀಕರಣವಾಗಿ ಇಷ್ಟು ವರ್ಷವಾದರೂ ಇವನ ನಾಲಿಗೆಗೆ ಆ ಗಡಿ ಇನ್ನೂ ಅಲ್ಲೇ ಇದೆ. ಅಕ್ಕ ಚೇಷ್ಟೆ ಮಾಡಿದರೆ "ಹಂಗೇನಿಲ್ಲ" ಅನ್ನುತ್ತಾನೆ. ಅವನಿಗೇ ಗೊತ್ತಾಗುವುದಿಲ್ಲ, ಪಾಪ.

ಮಧ್ಯಾಹ್ನ ನಮ್ಮೂರಿನ ಕೋಚಿಂಗ್ ಕ್ಲಾಸುಗಳ ಬಡಾವಣೆ ಸಪ್ತಾಪುರಕ್ಕೆ ಹೋದೆ. ಕಾಲೇಜಿನ ಗೆಳತಿ ಅಲ್ಲಿ ಕೋಚಿಂಗ್ ಕ್ಲಾಸ್ ನಡೆಸುತ್ತಾಳೆ. ಶನಿವಾರ ನೌಕರಿ ಸಂದರ್ಶನದ ತಾಲೀಮು. ಟೇಬಲ್ಲಿನ ಆಚೆ ಮುಖ ಗಂಟು ಹಾಕಿಕೊಂಡು ಕೂಡಲು ಒಬ್ಬರು ಬೇಕು, ರಿಟೈರ್ ಆದವಳಿಗೆ ಬೇರೆ ಏನು ಕೆಲಸ? ಸಪ್ತಾಪುರದ ಓಣಿಗಳಲ್ಲಿ ಸುಮ್ನೆ ಓಡಾಡುವುದೇ ನನಗೆ ಒಂದು ಖುಷಿ. ರೋಣ, ಮುಂಡರಗಿ, ಸವಣೂರು, ಹಿರೇಕೆರೂರು, ಇಂಡಿ, ಸಿಂದಗಿ, ಎಲ್ಲ ಕಡೆಯ ಮಾತೂ ಖಾನಾವಳಿಯ ಒಂದೇ ಬೆಂಚಿನ ಮೇಲೆ ಕೇಳುತ್ತದೆ.

ಇವತ್ತು ಮೊದಲು ಬಂದವಳು ರೋಣದ ಕಡೆಯ ಹುಡುಗಿ. ಒಳಗೆ ಬರುವ ಮುಂಚೆ ಪಡಸಾಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಉಂಡೇನ್ ಬೇ. ನೀ ಉಂಡಿ? ಅಪ್ಪ ಹೊಲಕ್ಕ ಹೋಗ್ಯಾನನು? ಎಮ್ಮಿ ಹಿಂಡಾಕ ಬಿಡ್ತನು?" ನೀರು ಹರಿದಂತೆ ಮಾತು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನಿಮ್ಮ ಬಗ್ಗೆ ಹೇಳಿ ಅಂದೆ.

"ನಾನು ಗದಗ ಜಿಲ್ಲೆಯ ರೋಣ ತಾಲೂಕಿನಿಂದ ಬಂದಿರುತ್ತೇನೆ. ಬಿ.ಎ. ಪದವಿಯನ್ನು ಪೂರೈಸಿರುತ್ತೇನೆ. ನಮ್ಮ ತಂದೆಯವರು ಕೃಷಿಕರಾಗಿರುತ್ತಾರೆ."

ಪಡಸಾಲೆಯ ಹುಡುಗಿ ಎಲ್ಲಿ ಹೋದಳು? ಈ "ಇರುತ್ತೇನೆ" ಅರ್ಜಿಯ ಕನ್ನಡ. ಧಾರವಾಡದಲ್ಲೂ ಯಾರೂ ಹೀಗೆ ಮಾತಾಡುವುದಿಲ್ಲ, ಮೈಸೂರಿನಲ್ಲೂ ಇಲ್ಲ. ಹೆದರಿಕೆ ಆದಾಗ ಮಾತ್ರ ನಮ್ಮ ಮಕ್ಕಳ ಬಾಯಿಗೆ ಬರುತ್ತದೆ. ಭೀಮಸೇನ ಜೋಶಿ ಅವರ ಬಗ್ಗೆ ಕೇಳಿದೆ, ಬಾಯಿಪಾಠ ಹೇಳಿದಳು. ಆಮೇಲೆ ಈ ಸಲ ಹೊಲಕ್ಕೆ ಏನು ಹಾಕಿದ್ದೀರಿ ಅಂತ ಕೇಳಿದೆ.

"ಹೆಸರ ಹಾಕೇವ್ರಿ. ಹಳದಿ ರೋಗ ಬಿದ್ದೈತ್ರಿ ಮೇಡಂ. ಎಲಿ ಎಲ್ಲಾ ಹಳದಿ ಆಗಿ ಕಾಯಿ ಹಿಡೀವಲ್ದು. ಬಿಳಿ ನೊಣದಿಂದ ಬರ್ತೈತ್ರಿ ಅದು. ಎರಡ ಸರೆ ಎಣ್ಣಿ ಹೊಡದ್ರೂ..."

ಅಲ್ಲಿಗೆ ನಿಂತಿತು. ಮುಖ ಕೆಂಪಗಾಯಿತು. "ಸಾರಿ ಮೇಡಂ, ಬಾಯಿ ತಪ್ಪಿ ಬಂತು."

ಅಷ್ಟೊತ್ತಿನಲ್ಲಿ ಅವಳು ಆಡಿದ್ದ ನಿಜವಾದ ಮಾತು ಅದೊಂದೇ. ರೋಗ ಯಾವುದು, ಹರಡುವ ಹುಳ ಯಾವುದು, ಏನು ಮಾಡಿದರು, ಎಲ್ಲ ಎರಡು ಉಸಿರಿನಲ್ಲಿ ಬಂದಿತ್ತು. ಅದಕ್ಕೇ ಕ್ಷಮೆ ಕೇಳಿದಳು. (ಎಣ್ಣೆ ಹೊಡೆಯುವುದು ಅಂದರೆ ನಮ್ಮಲ್ಲಿ ಬೆಳೆಗೆ ಔಷಧ ಸಿಂಪಡಿಸುವುದು. ಬೆಂಗಳೂರಿನವರು ಬೇರೆ ಏನೋ ತಿಳಿಯುತ್ತಿದ್ದರು, ಅದು ಬೇರೆ ಮಾತು.)

ಈ "ಸಾರಿ ಮೇಡಂ" ಎಲ್ಲಿಂದ ಬಂತು ಅಂತ ಸಂಜೆಯಿಂದ ಯೋಚನೆ ಮಾಡುತ್ತಿದ್ದೇನೆ. ಬೆಂಗಳೂರಿನ ಮೇಲೆ ಹಾಕಿದರೆ ಸಲೀಸು. ಟಿವಿಯ ಕನ್ನಡ ಆ ಕಡೆಯವರ ಮಾತಿಗೆ ಹತ್ತಿರ, ನಮಗೆ ದೂರ, ಅದು ಖರೆ. ಆದರೆ ಬೇರು ಇಲ್ಲೇ ಇದೆ ಅನಿಸುತ್ತದೆ. ನಾಳೆ ಇಲ್ಲಿಯ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ದಿನ, 1890ರ ಜುಲೈ 20. ಕನ್ನಡದ ಕೆಲಸಕ್ಕೆ ಅಂತ ರಾ.ಹ. ದೇಶಪಾಂಡೆಯವರು ಕಟ್ಟಿದ್ದು. ಅದಕ್ಕೂ ಮುಂಚೆ ಇಲ್ಲಿ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ದರ್ಬಾರು. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದರು. ಹಾಗೆ ಕಷ್ಟಪಟ್ಟು ಪಡೆದದ್ದು ಪುಸ್ತಕದ ಕನ್ನಡ. ಅದನ್ನು ಓದಲು, ಬರೆಯಲು ಬಂದರೆ ನಮ್ಮ ಅಜ್ಜಂದಿರಿಗೆ ಹೆಮ್ಮೆ. ಮಾಸ್ತರರು ಅದನ್ನೇ ಹೊಡೆದು ಕಲಿಸಿದರು. ಮನೆಯ ಮಾತು ಮನೆಯಲ್ಲೇ ಇರಲಿ ಅಂತಾಯಿತು. ಅವರದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗಲೂ ಹಾಗೇ. ಇಲ್ಲಿ ಯಾವುದೇ ಕಾರ್ಯಕ್ರಮಕ್ಕೆ ಹೋಗಿ. ಬೇಂದ್ರೆಯವರ ಹಾಡು ಇರುತ್ತದೆ, ಶಿಶುನಾಳ ಶರೀಫರ ತತ್ವಪದ ಇರುತ್ತದೆ. ಹಾಡಿನಲ್ಲಿ ನಮ್ಮ ಮಾತು ಬಂದ ಕೂಡಲೇ ಚಪ್ಪಾಳೆ. ಹಾಡು ಮುಗಿದ ಮೇಲೆ ನಿರೂಪಣೆ ಮಾಡುವವಳು "ಇದೀಗ ಗಣ್ಯರನ್ನು ವೇದಿಕೆಗೆ ಬರಮಾಡಿಕೊಳ್ಳೋಣ" ಅನ್ನುತ್ತಾಳೆ. ಮನೆಮಾತು ಮರಾಠಿ ಇದ್ದ ಬೇಂದ್ರೆ ಅಜ್ಜನಿಗೆ ಸಾಧನಕೇರಿಯ ಮಾತು ಕವಿತೆಗೆ ಸಾಕಾಯಿತು, 1973ರ ಜ್ಞಾನಪೀಠವೂ ಬಂತು. ನಮಗೆ ಹಾರ ಹಾಕುವುದಕ್ಕೂ ಅದು ಸಾಲುವುದಿಲ್ಲ!

ಇನ್ನೊಂದು ಸಂಗತಿ ಇದೆ, ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಧಾರವಾಡದ ಕನ್ನಡ ಒಂದೇ ಅಲ್ಲ. ನಮ್ಮ ಮನೆಯಲ್ಲಿ "ಐತಿ", ಗೆಳತಿಯ ಮನೆಯಲ್ಲಿ "ಅದ". ನಾವು "ಮಾಡಾಕತ್ತೇವಿ", ಅವರು "ಮಾಡ್ಲಿಕ್ಕತ್ತೇವಿ". ಬಾಡಿಗೆ ಮನೆ ಕೇಳಲು ಹೋದರೆ ಎರಡು ಮಾತಿನಲ್ಲಿ ನಾವು ಯಾವ ಮನೆತನದವರು ಅಂತ ಅಳೆದುಬಿಡುತ್ತಾರೆ. 1960ರಲ್ಲೇ ವಿಲಿಯಂ ಮೆಕಾರ್ಮಕ್ ಎಂಬ ವಿದ್ವಾಂಸರು ಧಾರವಾಡದ ಕನ್ನಡ ಜಾತಿಯಿಂದ ಜಾತಿಗೆ ಹೇಗೆ ಬೇರೆ ಅಂತ ಬರೆದಿದ್ದರು. ಹೊರಗಿನವರ ಮುಂದೆ "ನಮ್ಮ ಗಂಡು ಭಾಷೆ" ಅನ್ನುವ ನಾವು ಒಳಗೊಳಗೆ ಹಳ್ಳಿಯ ಹುಡುಗನ "ಐತ್ರಿ"ಗೆ ನಗುತ್ತೇವೆ. ರೋಣದ ಹುಡುಗಿ ಹೆದರಿದ್ದು ಬೆಂಗಳೂರಿಗೆ ಅಲ್ಲ. ಆ ಕೋಣೆಯಲ್ಲಿ ಬೆಂಗಳೂರಿನವರು ಯಾರೂ ಇರಲಿಲ್ಲ. ಇದ್ದವರು ನಾವಿಬ್ಬರೇ.

ಹುಡುಗಿ ಹೋದ ಮೇಲೆ ಗೆಳತಿಗೆ ಇದನ್ನೇ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ನೀ ಹೇಳೋದು ಖರೇ ಅದ. ಆದ್ರ ನಾಳೆ ಆ ಕಡೆ ಕೂತವ್ರು ಯಾವ ಊರಾವ್ರು ಇರ್ತಾರೋ ಏನೋ. ಹುಡುಗಿ ನೌಕರಿ ಹೋಗ್ತದ, ನಿನ್ನ ಅಭಿಮಾನ ಏನೂ ಹೋಗಂಗಿಲ್ಲ."

ಸಂಬಳ ಎಣಿಸಿ ಪೆನ್ಶನ್ ತಗೊಂಡವಳಿಗೆ ಅಭಿಮಾನ ಸಸ್ತಾ, ಅದು ನಿಜ. ಜಗ್ಗಾಡಿ ಒಂದು ಒಪ್ಪಂದಕ್ಕೆ ಬಂದೆವು. ಸುರುವಿನ ನಾಲ್ಕು ಮಾತು "ಇದೆ", "ಇದ್ದೀನಿ" ಅಂತ ಸರಳವಾಗಿ ಹೇಳಲಿ. "ಇರುತ್ತೇನೆ" ಪೂರ್ತಿ ಬಂದ್. ಹೊಲ, ಊರು, ಮನೆ ಬಂದಾಗ ಹೇಗೆ ಬರುತ್ತದೋ ಹಾಗೆ ಬರಲಿ, ಸಾರಿ ಕೇಳುವುದು ಬೇಡ. ಹುಡುಗಿಯನ್ನು ಮತ್ತೆ ಕರೆದು ಕೂಡಿಸಿದೆವು. ಎಣ್ಣೆಯ ಮಾತು ಬಂದಾಗ ಒಂದು ಕ್ಷಣ ತಡೆದು, ಗೆಳತಿಯ ಮುಖ ನೋಡಿ, ಮುಂದುವರಿಸಿದಳು.

ಕೊನೆಗೆ ಬಂದವನು ಹಿರೇಕೆರೂರಿನ ಹುಡುಗ. ಹಾವೇರಿ ಜಿಲ್ಲೆಯ ದಕ್ಷಿಣದ ಅಂಚು, ಆಚೆ ಶಿಕಾರಿಪುರ. ಪಡಸಾಲೆಯಲ್ಲಿ ಕೂತು ನಮ್ಮ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ. ಬಂದವನೇ ನಗುತ್ತ ಕೇಳಿದ: "ನಾ ಯಾವುದರಾಗ ಮಾತಾಡ್ಲಿ ಮೇಡಂ? ಧಾರವಾಡದಾಗ ನನಗ ನೀ ಶಿವಮೊಗ್ಗ ಕಡಿಯಂವ ಅಂತಾರ. ಶಿಕಾರಿಪುರಕ್ಕ ಹೋದ್ರ ಹುಬ್ಬಳ್ಳಿ ಕಡಿಯಂವ ಬಂದ ಅಂತಾರ. ಎರಡೂ ಕಡೆ ನಗೋರ ಅದಾರ." ಅವನಿಗೆ ಅದರ ಬಗ್ಗೆ ಒಂದಿಷ್ಟೂ ಸಂಕೋಚ ಇರಲಿಲ್ಲ. ಕೇಳಿದ್ದಕ್ಕೆಲ್ಲ ಆರಾಮಾಗಿ ಉತ್ತರ ಕೊಟ್ಟ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಗೆ ಯಾಕೆ ಬೇಡಿಕೆ ಅಂತ ವಿವರಿಸುವಾಗ ಅರ್ಧ ಆ ಕಡೆಯ ಮಾತು, ಅರ್ಧ ಈ ಕಡೆಯದು.

ಮಾತುಗಾರಿಕೆಗೆ ಹತ್ತು ಅಂಕ. ಗೆಳತಿ ಅವನಿಗೆ ಆರು ಹಾಕಿದಳು, ನಾನು ಒಂಬತ್ತು ಹಾಕಿದೆ. ಬಸ್ ಸ್ಟಾಪಿನ ತನಕ ಅದೇ ಜಗಳ. ಚಿಗರಿ ಬಸ್ ಬಂತು ಅಂತ ಹತ್ತಿದೆ, ಇಲ್ಲದಿದ್ದರೆ ಇನ್ನೂ ನಡೆಯುತ್ತಿತ್ತು.