ನಂದು ಎಷ್ಟನೇ ನಂಬರ್, ಸಾರ್?

"ಸಾರ್, ನಂದು ಎಷ್ಟನೇ ನಂಬರ್?"

"ಅದೆಲ್ಲ ಎಂತಕ್ಕೆ ಮಾರಾಯ್ತಿ? ಪೂರ್ತಿ ಓಡಿದ್ಯಲಾ, ಸಾಕು."

ಈ ವಾರವಿಡೀ ನನ್ನ ಕಿವಿಯಲ್ಲಿ ಇದೇ. ಕೇಳಿದ್ದು ಎಂಟನೇ ಕ್ಲಾಸಿನ ನನ್ನ ಮಗಳು, ಹೇಳಿದ್ದು ಅವಳ ಪಿ.ಟಿ. ಮೇಷ್ಟ್ರು. ದಸರಾ ರಜೆ ಕೊಡುವ ಮುಂಚೆ ಶಾಲೆಯಲ್ಲಿ ಗುಡ್ಡಗಾಡು ಓಟ ಇಟ್ಟಿದ್ದರು.

ತೀರ್ಥಹಳ್ಳಿ ಕಡೆ ಇಂಥ ಓಟಕ್ಕೆ ದಾರಿ ಹುಡುಕಬೇಕಾಗಿಲ್ಲ. ಶಾಲೆ ಹಿಂದಿನ ಬ್ಯಾಣ ಹತ್ತಿ, ಕಾನಿನ ಅಂಚಲ್ಲೇ ಸಾಗಿ, ತೋಟಕ್ಕಿಳಿದು, ಹಳ್ಳದ ಮೇಲಿನ ಅಡಿಕೆ ಮರದ ಸಂಕ ದಾಟಿ, ಗದ್ದೆ ಅಂಚಿನ ಮೇಲೆ ವಾಪಸ್. ಬೆಳಿಗ್ಗೆಯಷ್ಟೇ ಮಳೆ ಹೊಯ್ದಿತ್ತು. ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲು ನೆನೆದರೆ ದೊಡ್ಡವರೇ ಬೇಲಿ ಹಿಡಿದು ನಡೆಯುತ್ತಾರೆ. ಈ ಮಕ್ಕಳು ಅದರ ಮೇಲೆ ಓಡಿದರು. ನಾನು ಸಂಕದ ಹತ್ತಿರ ನಿಂತಿದ್ದೆ. ಮುಂದಿದ್ದ ಹುಡುಗಿಯರು ಬರಿಗಾಲಲ್ಲಿ, ಕೆಳಗೆ ನೋಡದೆ ದಾಟಿಹೋದರು. ದಿನಾ ಅಂಥದೇ ಸಂಕ ದಾಟಿ ಶಾಲೆಗೆ ಬರುವವರು. ನನ್ನ ಮಗಳು ಬರುವಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೋಗಿಯಾಗಿತ್ತು. ಉಂಬಳ (ಜಿಗಣೆ) ಕಚ್ಚಿ ಕಾಲುಚೀಲ ಕೆಂಪಾಗಿತ್ತು. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕಿತ್ತೆಸೆದ ಮೇಲೂ ಸೋರುತ್ತಲೇ ಇರುತ್ತದೆ. ಅವಳು ಸಂಕದ ಮೇಲೆ ಒಮ್ಮೆ ತಡವರಿಸಿ, ನನ್ನ ಕಡೆ ತಿರುಗಿಯೂ ನೋಡದೆ ಮತ್ತೆ ಓಡಿದಳು.

ಶಾಲೆಗೆ ಬಂದರೆ ಮೊದಲ ಮೂವರ ಹೆಸರು ಬರೆದು, ಫೋಟೊ ತೆಗೆದು, ಮೇಜು ಎತ್ತಿ ಒಳಗಿಟ್ಟಾಗಿತ್ತು. ಮೇಷ್ಟ್ರು ಕೆಟ್ಟವರಲ್ಲ. ಕಾಲು ಉಳುಕಿದ ಹುಡುಗಿಯನ್ನು ಗುಡ್ಡದಿಂದ ಬೆನ್ನ ಮೇಲೆ ಹೊತ್ತು ತಂದವರು ಅವರೇ. ಆ ಮಾತು ಹೇಳುವಾಗಲೂ ದನಿಯಲ್ಲಿ ಅಕ್ಕರೆ ಇತ್ತು. ಆದರೆ ನನ್ನ ಮಗಳಿಗೆ ಬೇಕಿದ್ದದ್ದು ಲೆಕ್ಕ.

ಈ ಓಟ ನಿಂತಿರುವುದೇ ಲೆಕ್ಕದ ಮೇಲೆ. ತಂಡ ಸ್ಪರ್ಧೆಯಲ್ಲಿ ಪ್ರತಿ ತಂಡದಿಂದ ಮುಂದೆ ಬಂದ ಇಂತಿಷ್ಟು ಜನರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಇದ್ದ ತಂಡ ಗೆಲ್ಲುತ್ತದೆ. ಒಬ್ಬಳು ಎಲ್ಲರಿಗಿಂತ ಮುಂದೆ ಬಂದರೂ ಜೊತೆಯವಳು ಇಪ್ಪತ್ತರಿಂದ ಮೂವತ್ತಕ್ಕೆ ಜಾರಿದರೆ ತಂಡವೇ ಸೋಲಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಗುಡ್ಡಗಾಡು ಓಟದಲ್ಲಿ ಸುಡುಬಿಸಿಲಿಗೆ 38 ಓಟಗಾರರಲ್ಲಿ 15 ಮಂದಿ ಮಾತ್ರ ಗುರಿ ಮುಟ್ಟಿದರು. ಗೆದ್ದವನು ಫಿನ್ಲೆಂಡಿನ ಪಾವೊ ನೂರ್ಮಿ, ದೊಡ್ಡ ಹೆಸರು. ಹದಿನೈದನೆಯವನ ಹೆಸರೂ ದಾಖಲೆಯಲ್ಲಿದೆ.

ರಜೆ ಮುಗಿದ ಮೇಲೆ ಪೋಷಕರ ಸಭೆಯಲ್ಲಿ ಕೇಳುವವಳಿದ್ದೇನೆ. ಹುಷಾರಿಲ್ಲದೆ ಓಡದ ಮಕ್ಕಳು ಅಂದು ಜಗಲಿ ಮೇಲೆ ಸುಮ್ಮನೆ ಕೂತಿದ್ದರು. ಅವರಲ್ಲೊಬ್ಬರ ಕೈಗೆ ಒಂದು ನೋಟ್‌ಬುಕ್, ಪೆನ್ನು ಕೊಟ್ಟು, ಕಡೇ ಹುಡುಗಿ ಬರುವ ತನಕ ಗೆರೆಯ ಹತ್ತಿರ ಕೂರಿಸಿದರಾಯ್ತು.