ಕೆಳಗಿನ ಎಲೆ
ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಕೋಕೋಪೀಟ್‌ಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ಹಾಕಿದ ಬ್ಯಾಡಗಿ ಮೆಣಸಿನ ಸಸಿಗಳು ಹಳದಿ ತಿರುಗಿವೆ. ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ಚೊಂಬು ಸುರಿದೆ. ಮುಖ ಬಾಡಿದವರಿಗೆಲ್ಲ ಮೊದಲು ‘ಊಟ ಆಯ್ತಾ’ ಅನ್ನುವ ಅಮ್ಮನ ಚಾಳಿ ನನಗೂ ಬಂದಿದೆ.

ಇವತ್ತು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನರಗಳು ಹಸಿರು, ನಡುವೆ ಮಾತ್ರ ಹಳದಿ. ಅದೂ ಕೆಳಗಿನ ಹಳೇ ಎಲೆಗಳಲ್ಲೇ. ಮೆಗ್ನೀಸಿಯಂ ಕೊರತೆ ಇರಬೇಕು. ಚಿಗುರೇ ಹಳದಿಯಾಗಿದ್ದರೆ ಕಬ್ಬಿಣದ ಮೇಲೆ ಅನುಮಾನ ಪಡುತ್ತಿದ್ದೆ. ತೆಂಗಿನ ನಾರಿನ ಪುಡಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ನಾನೋ, ಇಟ್ಟಿಗೆಯಂತೆ ಒತ್ತಿದ ಕೋಕೋಪೀಟ್ ನೆನೆಸಿ, ಬೇರೇನೂ ಬೆರೆಸದೆ ಸುಮ್ನೆ ಕುಂಡಕ್ಕೆ ತುಂಬಿದ್ದೆ. ಲೀಟರ್ ನೀರಿಗೆ 1 ಗ್ರಾಂ ಎಪ್ಸಂ ಉಪ್ಪು (ಮೆಗ್ನೀಸಿಯಂ ಇರುವ ಲವಣ) ಕರಗಿಸಿ ಹಾಕಿದೆ.

ಹಾವೇರಿಯ ಕಾಕಾನಿಗೆ ಫೋಟೋ ಕಳಿಸಿದರೆ, “ಮಣ್ಣೆಲ್ಲಿ ಐತೋ?” ಅಂದರು. ಏಳನೇ ಮಹಡಿಗೆ ಮಣ್ಣು ಹೊರೋರು ಯಾರು ಕಾಕಾ?